ಸಹಿಯ ತೂಕ

ಮರದ ಗಟ್ಟಿ ಕೊಂಬೆಯೊಂದಕ್ಕೆ ಉದ್ದನೆಯ ಹಗ್ಗ ಕಟ್ಟಿದೆ. ಸಮಾನ ತೂಕದ ಇಬ್ಬರು ಹುಡುಗರು ಅದನ್ನು ಹಿಡಿದು ನೇತಾಡುತ್ತಿದ್ದಾರೆ, ಒಬ್ಬ ಮೇಲೆ, ಇನ್ನೊಬ್ಬ ಕೆಳಗೆ. ಹಗ್ಗದ ಮೇಲ್ತುದಿ ಇಬ್ಬರ ತೂಕವನ್ನೂ ಹೊರುತ್ತದೆ. ಆದರೆ ಪ್ರತಿಯೊಬ್ಬನ ಕೈ ಹೊರುವುದು ಅವನವನ ತೂಕವನ್ನು ಮಾತ್ರ. ಈಗ ಒಂದು ಸಣ್ಣ ಬದಲಾವಣೆ. ಹಗ್ಗವನ್ನು ಮೇಲಿನ ಹುಡುಗನ ಕೈಯ ಕೆಳಗೆ ಕತ್ತರಿಸಲಾಯಿತು. ಕೆಳಗಿನವನು ಮೇಲಿನವನ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿ ಅದನ್ನು ಹಿಡಿದುಕೊಂಡ. ಹುಡುಗರು ಅವರೇ, ತೂಕವೂ ಅದೇ. ಕೊಂಬೆಯ ಮೇಲೆ ಬೀಳುವ ಭಾರದಲ್ಲಿ ವ್ಯತ್ಯಾಸವಿಲ್ಲ. ಆದರೆ ಮೇಲಿನ ಹುಡುಗನ ಕೈಯ ಗತಿಯೇನು?

ಅದು ಈಗ ಎರಡು ಪಟ್ಟು ಭಾರ ಹೊರಬೇಕು. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಹೇಳಬಲ್ಲ ಉತ್ತರ ಇದು. ಇಷ್ಟು ಸರಳವಾದ ಲೆಕ್ಕವನ್ನು ಪದವಿ, ಅನುಭವ, ಸರ್ಕಾರಿ ಪರವಾನಗಿ ಎಲ್ಲವೂ ಇದ್ದವರು ಮಾಡದೆ ಬಿಟ್ಟದ್ದರಿಂದ 1981ರಲ್ಲಿ ಅಮೆರಿಕದ ಒಂದು ಹೋಟೆಲಿನಲ್ಲಿ 114 ಮಂದಿ ಪ್ರಾಣ ಕಳೆದುಕೊಂಡರು.

ಒಂದು ಶುಕ್ರವಾರದ ಸಂಜೆ

ಮಿಸ್ಸೂರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ 40 ಅಂತಸ್ತಿನ ಹಯಾಟ್ ರೀಜೆನ್ಸಿ ಹೋಟೆಲು ಆರಂಭವಾದದ್ದು 1980ರ ಜುಲೈ ತಿಂಗಳಲ್ಲಿ. ಅದರ ಮುಖ್ಯ ಆಕರ್ಷಣೆ ಹಲವು ಅಂತಸ್ತುಗಳಷ್ಟು ಎತ್ತರದ ವಿಶಾಲ ಹಜಾರ. ಹಜಾರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಎರಡು, ಮೂರು ಮತ್ತು ನಾಲ್ಕನೆಯ ಮಹಡಿಗಳ ಮಟ್ಟದಲ್ಲಿ ಕಾಲುಸೇತುವೆಗಳಿದ್ದವು. (ಅಮೆರಿಕದ ಲೆಕ್ಕದಲ್ಲಿ ನೆಲಮಟ್ಟವೇ ಮೊದಲನೆಯ ಮಹಡಿ.) ಕೆಳಗೆ ಕಂಬಗಳಿರಲಿಲ್ಲ. ಛಾವಣಿಯಿಂದ ಇಳಿಬಿಟ್ಟ ಉಕ್ಕಿನ ಸರಳುಗಳು ಈ ಸೇತುವೆಗಳನ್ನು ಗಾಳಿಯಲ್ಲಿ ಹಿಡಿದಿದ್ದವು. ಪ್ರತಿಯೊಂದರ ಉದ್ದ ಸುಮಾರು 37 ಮೀಟರು, ತೂಕ ಸುಮಾರು 29 ಟನ್ನು. ಎರಡನೆಯ ಮಹಡಿಯ ಸೇತುವೆ ಸರಿಯಾಗಿ ನಾಲ್ಕನೆಯದರ ಕೆಳಗಿತ್ತು. ಮೂರನೆಯ ಮಹಡಿಯದು ಮಾತ್ರ ಪಕ್ಕಕ್ಕೆ ಸರಿದು ಪ್ರತ್ಯೇಕವಾಗಿ ತೂಗುತ್ತಿತ್ತು.

1981ರ ಜುಲೈ 17, ಶುಕ್ರವಾರ. ಹಜಾರದಲ್ಲಿ ಸಂಗೀತ, ನೃತ್ಯದ ಕೂಟ. ಸುಮಾರು 1,600 ಮಂದಿ ಸೇರಿದ್ದರು. ಕೆಲವರು ಮೇಲಿನಿಂದ ನೋಡಲು ಕಾಲುಸೇತುವೆಗಳ ಮೇಲೆ ನಿಂತಿದ್ದರು. ಸಂಜೆ 7 ಗಂಟೆ 5 ನಿಮಿಷದ ಹೊತ್ತಿಗೆ ನಾಲ್ಕನೆಯ ಮಹಡಿಯ ಸೇತುವೆ ಕಳಚಿ ಎರಡನೆಯದರ ಮೇಲೆ ಬಿತ್ತು. ಎರಡೂ ಸೇರಿ ಕೆಳಗಿದ್ದ ಜನರ ಮೇಲೆ ಕುಸಿದವು. ಸಿಕ್ಕಿಬಿದ್ದವರನ್ನು ಹೊರತೆಗೆಯುವ ಕೆಲಸ ರಾತ್ರಿಯಿಡೀ ನಡೆಯಿತು. 114 ಮಂದಿ ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಪಕ್ಕಕ್ಕಿದ್ದ ಮೂರನೆಯ ಮಹಡಿಯ ಸೇತುವೆ ಮಾತ್ರ ಇದ್ದಲ್ಲೇ ಇತ್ತು.

ಜನ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದ್ದರಿಂದ ಸೇತುವೆ ಅನುರಣನಕ್ಕೆ ಸಿಕ್ಕಿ ಮುರಿದಿರಬೇಕು ಎಂಬ ಮಾತು ಮೊದಲು ಹಬ್ಬಿತು. ಸೇತುವೆಯ ಮೇಲೆ ಸೈನಿಕರು ಹೆಜ್ಜೆ ತಪ್ಪಿಸಿ ನಡೆಯಬೇಕೆಂದು ಭೌತಶಾಸ್ತ್ರದ ಪಾಠದಲ್ಲಿ ಓದಿದವರಿಗೆ ಇದು ಒಪ್ಪುವಂತೆಯೇ ಕಾಣುತ್ತದೆ. ಆದರೆ ಕಾರಣ ಅದಾಗಿರಲಿಲ್ಲ. ಅಂದು ಆ ಎರಡು ಸೇತುವೆಗಳ ಮೇಲಿದ್ದ ಜನ ಹೆಚ್ಚೇನಲ್ಲ. ಕೆಳಗಿನದರ ಮೇಲೆ ಸುಮಾರು 40, ಮೇಲಿನದರ ಮೇಲೆ ಅದರ ಅರ್ಧದಷ್ಟು. ನಿಯಮದ ಪ್ರಕಾರ ಕಟ್ಟಿದ್ದ ಸೇತುವೆಗೆ ಇದು ಲೆಕ್ಕಕ್ಕೇ ಬಾರದ ಭಾರ.

ಒಂದು ಸರಳು ಎರಡಾಯಿತು

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಅವಶೇಷಗಳನ್ನು ಪರೀಕ್ಷಿಸಿ 1982ರಲ್ಲಿ ವರದಿ ಕೊಟ್ಟಿತು. ಅದಕ್ಕೂ ಮೊದಲೇ, ದುರಂತ ನಡೆದ ಕೆಲವೇ ದಿನಗಳಲ್ಲಿ, ಸ್ಥಳೀಯ ಪತ್ರಿಕೆಯೊಂದು ನೇಮಿಸಿಕೊಂಡಿದ್ದ ಎಂಜಿನಿಯರೊಬ್ಬರು ಮೂಲ ನಕ್ಷೆಗೂ ಕಟ್ಟಿದ್ದಕ್ಕೂ ಇದ್ದ ವ್ಯತ್ಯಾಸವನ್ನು ಗುರುತಿಸಿದ್ದರು. ಕಾನ್ಸಾಸ್ ಸಿಟಿ ಸ್ಟಾರ್ ಮತ್ತು ಕಾನ್ಸಾಸ್ ಸಿಟಿ ಟೈಮ್ಸ್ ಪತ್ರಿಕೆಗಳಿಗೆ ಈ ಸುದ್ದಿಗಾಗಿ 1982ರ ಪುಲಿಟ್ಜರ್ ಪ್ರಶಸ್ತಿ ಬಂತು.

ಮೂಲ ನಕ್ಷೆ ಹೀಗಿತ್ತು. ಛಾವಣಿಯಿಂದ ಒಂದೇ ಉದ್ದನೆಯ ಸರಳು ಇಳಿದು, ನಾಲ್ಕನೆಯ ಮಹಡಿಯ ಸೇತುವೆಯ ಅಡ್ಡತೊಲೆಯ ರಂಧ್ರದ ಮೂಲಕ ಹಾದು, ಎರಡನೆಯ ಮಹಡಿಯ ತೊಲೆಯವರೆಗೂ ಹೋಗಬೇಕು. ಪ್ರತಿ ತೊಲೆಯ ಕೆಳಗೆ ಒಂದು ವಾಷರು, ಒಂದು ನಟ್ಟು. ಮೇಲಿನ ನಟ್ಟು ಮೇಲಿನ ಸೇತುವೆಯ ಭಾರವನ್ನು, ಕೆಳಗಿನ ನಟ್ಟು ಕೆಳಗಿನ ಸೇತುವೆಯ ಭಾರವನ್ನು ಹೊರುತ್ತದೆ. ಇಬ್ಬರು ಹುಡುಗರು ಒಂದೇ ಹಗ್ಗವನ್ನು ಹಿಡಿದ ಹಾಗೆ.

ಇದರಲ್ಲಿ ಒಂದು ತೊಡಕಿತ್ತು. ಮೇಲಿನ ನಟ್ಟನ್ನು ಅದರ ಜಾಗಕ್ಕೆ ತರಬೇಕಾದರೆ ಸರಳಿನ ಕೆಳತುದಿಯಿಂದ ಅಲ್ಲಿಯವರೆಗೆ, ಅಂದರೆ ಸುಮಾರು ಎರಡು ಅಂತಸ್ತಿನ ಉದ್ದಕ್ಕೂ, ಮರೆ ಕೊರೆಯಬೇಕು. ಎತ್ತುವಾಗ, ಜೋಡಿಸುವಾಗ ಆ ಮರೆಗೆ ಪೆಟ್ಟು ಬಿದ್ದರೆ ನಟ್ಟು ತಿರುಗುವುದಿಲ್ಲ. ಉಕ್ಕಿನ ಭಾಗಗಳನ್ನು ತಯಾರಿಸುತ್ತಿದ್ದ ಕಂಪನಿ ಇದಕ್ಕೊಂದು ಸುಲಭ ಉಪಾಯ ಕಂಡುಕೊಂಡಿತು. ಒಂದು ಸರಳಿನ ಬದಲು ಎರಡು. ಮೊದಲನೆಯದು ಛಾವಣಿಯಿಂದ ನಾಲ್ಕನೆಯ ಮಹಡಿಯ ತೊಲೆಯವರೆಗೆ. ಎರಡನೆಯದು ಅದೇ ತೊಲೆಯಲ್ಲಿ, ಸ್ವಲ್ಪ ಪಕ್ಕದ ಇನ್ನೊಂದು ರಂಧ್ರದಿಂದ ಕೆಳಗಿನ ಸೇತುವೆಯವರೆಗೆ. ಮರೆ ಕೊರೆಯುವ ಕೆಲಸ ಸರಳಿನ ತುದಿಗಳಲ್ಲಿ ಮಾತ್ರ.

ಕೆಲಸವೇನೋ ಹಗುರವಾಯಿತು. ಆದರೆ ಕೆಳಗಿನ ಸೇತುವೆ ಈಗ ಛಾವಣಿಗೆ ನೇರವಾಗಿ ತೂಗುತ್ತಿರಲಿಲ್ಲ. ಅದು ಮೇಲಿನ ಸೇತುವೆಯ ತೊಲೆಗೆ ತೂಗುಬಿದ್ದಿತ್ತು. ಮೇಲಿನ ತೊಲೆಯ ಕೆಳಗಿನ ನಟ್ಟು ಎರಡೂ ಸೇತುವೆಗಳ ಭಾರವನ್ನು ಹೊರಬೇಕಾಯಿತು. ಸರಳಿಗಾಗಲಿ ಛಾವಣಿಗಾಗಲಿ ಹೆಚ್ಚಿನ ಭಾರ ಬೀಳಲಿಲ್ಲ. ಎರಡು ಪಟ್ಟಾದದ್ದು ಆ ಒಂದು ಕೂಡುತಾಣದ ಭಾರ ಮಾತ್ರ.

ಕುಸಿದಾಗಲೂ ಸರಳು ತುಂಡಾಗಲಿಲ್ಲ. ತೊಲೆಯನ್ನು ಎರಡು ಉಕ್ಕಿನ ಚಾನೆಲ್‌ಗಳನ್ನು ಮುಖಾಮುಖಿ ಇಟ್ಟು ಬೆಸೆದು ಪೆಟ್ಟಿಗೆಯಂತೆ ಮಾಡಲಾಗಿತ್ತು. ಸರಳಿನ ರಂಧ್ರವನ್ನು ಕೊರೆದದ್ದು ಸರಿಯಾಗಿ ಆ ಬೆಸುಗೆಯ ಮೇಲೆ. ಭಾರ ತಾಳಲಾರದೆ ಬೆಸುಗೆ ಬಿಟ್ಟುಕೊಂಡು, ಚಾನೆಲ್‌ನ ಅಂಚುಗಳು ಬಾಗಿ, ನಟ್ಟು ಮತ್ತು ವಾಷರು ತೊಲೆಯನ್ನು ಸೀಳಿಕೊಂಡು ಹೊರಬಂದವು. ಸರಳು ಛಾವಣಿಯಿಂದ ತೂಗುತ್ತಲೇ ಇತ್ತು, ಸೇತುವೆ ಕೆಳಗೆ ಬಿದ್ದಿತ್ತು.

ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ನಗರದ ಕಟ್ಟಡ ನಿಯಮ ಕೇಳುವ ಕನಿಷ್ಠ ಭಾರದ ಶೇಕಡಾ 60ರಷ್ಟನ್ನು ಮಾತ್ರ ಮೂಲ ವಿನ್ಯಾಸದ ಕೂಡುತಾಣ ತಾಳಬಲ್ಲದಾಗಿತ್ತು. ಬದಲಾವಣೆಯ ನಂತರ ಅದು ಶೇಕಡಾ 30ಕ್ಕೆ ಇಳಿಯಿತು. ಅಂದರೆ ಬದಲಾವಣೆ ಮಾಡಿದವರೊಬ್ಬರದೇ ತಪ್ಪಲ್ಲ. ಈ ಕೂಡುತಾಣದ ಲೆಕ್ಕವನ್ನು ಮೊದಲಿನಿಂದಲೂ ಯಾರೂ ಸರಿಯಾಗಿ ಮಾಡಿರಲಿಲ್ಲ.

ಮನೆಯಲ್ಲೇ ಮಾಡಬಹುದಾದ ಪ್ರಯೋಗ

ವಿದ್ಯಾರ್ಥಿಗಳು ಇದನ್ನು ಮಾಡಿಯೇ ನೋಡಬಹುದು. ಹಳೆಯ ನೋಟ್‌ಬುಕ್ಕಿನ ಹಾಳೆಯಿಂದ ಒಂದೇ ಅಳತೆಯ ಎರಡು ಪಟ್ಟಿಗಳು, ಗಟ್ಟಿ ದಾರ, ಎರಡು ಅಂಗಿಗುಂಡಿ, ಸಮನಾದ ಎರಡು ಸಣ್ಣ ಚೀಲ ಮರಳು ಸಾಕು. ಪಟ್ಟಿಗಳ ನಡುವೆ ತೂತು ಮಾಡಿ, ಒಂದೇ ದಾರವನ್ನು ಎರಡರಲ್ಲೂ ಪೋಣಿಸಿ, ಪ್ರತಿ ಪಟ್ಟಿಯ ಕೆಳಗೆ ಗುಂಡಿ ಕಟ್ಟಬೇಕು. ಪಟ್ಟಿಗಳ ಎರಡು ತುದಿಗಳಿಂದ ಚೀಲಗಳನ್ನು ಇಳಿಬಿಟ್ಟು, ಎರಡರಲ್ಲೂ ಸಮನಾಗಿ ಮರಳು ಹೆಚ್ಚಿಸುತ್ತ ಹೋಗಬೇಕು. ಗುಂಡಿ ಕಾಗದವನ್ನು ಹರಿದು ಹೊರಬರುವ ಹೊತ್ತಿನ ತೂಕವನ್ನು ಬರೆದುಕೊಳ್ಳಬೇಕು. ಅನಂತರ ಹೊಸ ಪಟ್ಟಿಗಳನ್ನು ತೆಗೆದುಕೊಂಡು, ಕೆಳಗಿನ ಪಟ್ಟಿಯನ್ನು ಮೇಲಿನ ಪಟ್ಟಿಗೇ ಬೇರೆ ದಾರದಿಂದ ಕಟ್ಟಿ ಪ್ರಯೋಗವನ್ನು ಮತ್ತೆ ಮಾಡಬೇಕು. ಈ ಸಲ ಮೇಲಿನ ಪಟ್ಟಿ ಬಹಳ ಬೇಗ ಹರಿಯುತ್ತದೆ. ಅರ್ಧ ಗಂಟೆಯ ಕೆಲಸ. ಲೆಕ್ಕ ಮಾಡುವುದಾದರೆ ಐದು ನಿಮಿಷವೂ ಬೇಡ.

ಹಾಗಾದರೆ ದೊಡ್ಡ ದೊಡ್ಡ ಎಂಜಿನಿಯರುಗಳು ಆ ಐದು ನಿಮಿಷದ ಲೆಕ್ಕವನ್ನೇಕೆ ಮಾಡಲಿಲ್ಲ? ಈ ಪ್ರಶ್ನೆಗೆ ಉತ್ತರ ಭೌತಶಾಸ್ತ್ರದಲ್ಲಿಲ್ಲ.

ಅವರು ಮಾಡಿರಬೇಕು, ಇವರು ಮಾಡಿರಬೇಕು

ಕಟ್ಟಡದ ರಚನೆಯ ವಿನ್ಯಾಸ ಮಾಡಿದವರು ಕೂಡುತಾಣದ ವಿವರಗಳನ್ನು ಉಕ್ಕಿನ ಕಂಪನಿ ಲೆಕ್ಕ ಹಾಕಿಕೊಳ್ಳುತ್ತದೆಂದು ಭಾವಿಸಿದರು. ಉಕ್ಕಿನ ಕಂಪನಿ, ನಕ್ಷೆಯಲ್ಲಿ ಬರೆದಿದೆಯೆಂದ ಮೇಲೆ ಎಂಜಿನಿಯರುಗಳು ಲೆಕ್ಕ ಹಾಕಿಯೇ ಇರುತ್ತಾರೆಂದು ಭಾವಿಸಿತು. ಕೆಲಸ ಹೆಚ್ಚಾಗಿದ್ದುದರಿಂದ ಕಾರ್ಖಾನೆಗೆ ಬೇಕಾದ ನಕ್ಷೆಗಳನ್ನು ಬರೆಯುವ ಹೊಣೆಯನ್ನು ಅದು ಹೊರಗಿನ ಇನ್ನೊಬ್ಬರಿಗೆ ವಹಿಸಿತು. ಅವರೂ ಎಲ್ಲವನ್ನೂ ಮೊದಲೇ ನೋಡಿರುತ್ತಾರೆಂದುಕೊಂಡರು.

ಸರಳು ಬದಲಾಯಿಸುವ ವಿಷಯವನ್ನು ಫೋನಿನಲ್ಲಿ ತಿಳಿಸಿ ಒಪ್ಪಿಗೆ ಪಡೆದಿದ್ದೆವು ಎಂದು ಉಕ್ಕಿನ ಕಂಪನಿಯವರು ಆಮೇಲೆ ಹೇಳಿದರು. ಅಂಥ ಫೋನು ಬಂದೇ ಇಲ್ಲವೆಂದು ಎಂಜಿನಿಯರುಗಳು ಹೇಳಿದರು. ಆದರೆ ಒಂದು ಸಂಗತಿಯಲ್ಲಿ ವಾದಕ್ಕೆ ಎಡೆಯಿರಲಿಲ್ಲ. 1979ರ ಫೆಬ್ರವರಿಯಲ್ಲಿ ಉಕ್ಕಿನ ಕಂಪನಿ ಕಳುಹಿಸಿದ 42 ನಕ್ಷೆಗಳಲ್ಲಿ ಎರಡು ಸರಳಿನ ಜೋಡಣೆ ಕಣ್ಣಿಗೆ ಕಾಣುವಂತಿತ್ತು. ಆ ನಕ್ಷೆಗಳು ಎಂಜಿನಿಯರುಗಳ ಕಚೇರಿಯಿಂದ ಪರಿಶೀಲನೆಯ ಮುದ್ರೆ ಹೊತ್ತು ಹಿಂದಿರುಗಿದ್ದವು.

ಎಚ್ಚರಿಕೆಯ ಗಂಟೆಯೂ ಬಾರಿಸಿತ್ತು. ಕಟ್ಟಡ ಇನ್ನೂ ಏಳುತ್ತಿದ್ದಾಗ, 1979ರ ಅಕ್ಟೋಬರ್ 14ರಂದು, ಅದೇ ಹಜಾರದ ಛಾವಣಿಯ ಒಂದು ಭಾಗ ಕುಸಿಯಿತು. ಹೊರಗಿನ ತಂಡವೊಂದನ್ನು ತನಿಖೆಗೆ ಕರೆಸಲಾಯಿತು. ಆದರೆ ಅವರಿಗೆ ಒಪ್ಪಿಸಿದ ಕೆಲಸ ಛಾವಣಿಗೆ ಸಂಬಂಧಿಸಿದ್ದು ಮಾತ್ರ. ಎಂಜಿನಿಯರುಗಳ ಸಂಸ್ಥೆ ಹಜಾರವೆಲ್ಲ ಸುರಕ್ಷಿತವೆಂದು ಮಾಲೀಕರಿಗೆ ಭರವಸೆ ಕೊಟ್ಟಿತು. ನಾಲ್ಕನೆಯ ಮಹಡಿಯ ತೊಲೆಯ ನಟ್ಟನ್ನು ಆಗಲೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದುರಂತದ ನಂತರ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಬೇಕೆಂದು ಮಾಡಿದ ಅಪರಾಧಕ್ಕೆ ಸಾಕ್ಷ್ಯವಿರಲಿಲ್ಲ. ಆದರೆ ಎಂಜಿನಿಯರುಗಳಿಗೆ ಪರವಾನಗಿ ಕೊಡುವ ಮಿಸ್ಸೂರಿ ರಾಜ್ಯದ ಮಂಡಳಿ ಸುಮ್ಮನಿರಲಿಲ್ಲ. ದೀರ್ಘ ವಿಚಾರಣೆಯ ನಂತರ 1985ರ ನವೆಂಬರಿನಲ್ಲಿ ನ್ಯಾಯಾಧೀಶರು, ನಕ್ಷೆಗಳಿಗೆ ಮುದ್ರೆಯೊತ್ತಿದ್ದ ಜ್ಯಾಕ್ ಗಿಲಮ್ ಅವರೂ ಅವರ ಕೈಕೆಳಗೆ ಈ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರೂ ಘೋರ ನಿರ್ಲಕ್ಷ್ಯ ಎಸಗಿದ್ದಾರೆಂದು ತೀರ್ಮಾನಿಸಿದರು. ಇಬ್ಬರ ಪರವಾನಗಿಗಳೂ ರದ್ದಾದವು. ಮೇಲಿನ ನ್ಯಾಯಾಲಯವೂ 1988ರಲ್ಲಿ ಈ ತೀರ್ಪನ್ನು ಎತ್ತಿಹಿಡಿಯಿತು.

ಈ ತೀರ್ಪಿನ ಸಾರವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು: ಕೆಲಸವನ್ನು ಇನ್ನೊಬ್ಬರಿಗೆ ಹಂಚಬಹುದು, ಹೊಣೆಯನ್ನು ಹಂಚಲಾಗದು. ಅಡುಗೆಗೆ ಹತ್ತು ಮಂದಿ ಕೈಹಾಕಿದರೂ ಉಪ್ಪು ನೋಡಿ ಬಡಿಸಲು ಅಪ್ಪಣೆ ಕೊಡುವವನು ಒಬ್ಬನಿರುತ್ತಾನೆ. ಕಟ್ಟಡದಲ್ಲಿ ಆ ಸ್ಥಾನ ಮುದ್ರೆಯೊತ್ತುವ ಎಂಜಿನಿಯರನದು. ಮುದ್ರೆ ಎಂದರೆ ‘ನಾನು ನೋಡಿದ್ದೇನೆ’ ಎಂಬ ಮಾತು. ನೋಡದೆ ಒತ್ತಿದರೆ ಅದು ಸುಳ್ಳು.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಇದಕ್ಕೆ ಮೂರು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ನಡೆದ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡ 1977ರಲ್ಲಿ ಸಿದ್ಧವಾಗಿತ್ತು. ಅದರ ರಚನೆಯ ಎಂಜಿನಿಯರ್ ವಿಲಿಯಂ ಲೆಮೆಷರ್. ಸ್ಥಳದ ಒಂದು ಮೂಲೆಯಲ್ಲಿ ಚರ್ಚ್ ಇದ್ದುದರಿಂದ ಕಟ್ಟಡದ ದೊಡ್ಡ ಕಂಬಗಳು ನಾಲ್ಕು ಮೂಲೆಗಳಲ್ಲಿರದೆ ನಾಲ್ಕು ಬದಿಗಳ ಮಧ್ಯದಲ್ಲಿದ್ದವು. 1978ರಲ್ಲಿ ಒಬ್ಬ ವಿದ್ಯಾರ್ಥಿ ಈ ಕಂಬಗಳ ಬಗ್ಗೆ ಕೇಳಿದ ಪ್ರಶ್ನೆಯಿಂದಾಗಿ ಲೆಮೆಷರ್ ತಮ್ಮ ಲೆಕ್ಕವನ್ನು ಮತ್ತೆ ತೆರೆದರು. ಗಾಳಿ ಮುಖಕ್ಕೆ ನೇರವಾಗಿ ಬೀಸುವ ಬದಲು ಮೂಲೆಗೆ ಓರೆಯಾಗಿ ಬೀಸಿದರೆ ಕೆಲವು ಉಕ್ಕಿನ ಅಂಗಗಳ ಮೇಲಿನ ಒತ್ತಡ ಶೇಕಡಾ 40ರಷ್ಟು ಹೆಚ್ಚುತ್ತದೆಂದು ಅವರಿಗೆ ಕಂಡಿತು. ಅದರ ಜೊತೆಗೆ, ಬೆಸುಗೆ ಹಾಕಬೇಕಿದ್ದ ಕೂಡುತಾಣಗಳಿಗೆ ಬೋಲ್ಟು ಹಾಕಲು ತಮ್ಮದೇ ಕಚೇರಿ ಒಪ್ಪಿಗೆ ಕೊಟ್ಟಿದ್ದ ವಿಷಯವೂ ಅವರಿಗೆ ತಡವಾಗಿ ತಿಳಿದಿತ್ತು. ಇಲ್ಲಿಯೂ ಅದೇ ಕಥೆ: ಕೆಲಸ ಸುಲಭವಾಗಲೆಂದು ಮಾಡಿದ ಸಣ್ಣ ಬದಲಾವಣೆ.

ಲೆಮೆಷರ್ ಮೌನವಾಗಿರಬಹುದಿತ್ತು. ಹೇಳಿದರೆ ಹೆಸರು, ಸಂಪಾದನೆ ಎರಡೂ ಹೋಗುವ ಭಯವಿತ್ತು. ಅವರು ಮಾಲೀಕರ ಬಳಿಗೆ ಹೋಗಿ ವಿಷಯ ತಿಳಿಸಿದರು. ಆ ವರ್ಷದ ಆಗಸ್ಟಿನಿಂದ ರಾತ್ರಿ ಹೊತ್ತಿನಲ್ಲಿ ಬೆಸುಗೆಗಾರರು ಕೂಡುತಾಣಗಳ ಮೇಲೆ ಎರಡು ಅಂಗುಲ ದಪ್ಪದ ಉಕ್ಕಿನ ಹಲಗೆಗಳನ್ನು ಬೆಸೆದರು. ಕಟ್ಟಡ ಇಂದಿಗೂ ನಿಂತಿದೆ.

ಆದರೂ ಈ ಕಥೆಗೆ ಇನ್ನೊಂದು ಮುಖವಿದೆ. ನಗರದ ಅಧಿಕಾರಿಗಳಿಗೆ ತಿಳಿಸಿದ್ದರೂ, ಆ ಕಟ್ಟಡದಲ್ಲಿ ದಿನವೂ ಕೆಲಸ ಮಾಡುತ್ತಿದ್ದವರಿಗೆ, ಸುತ್ತಲಿನ ಮನೆಗಳವರಿಗೆ ಅಪಾಯದ ವಿಷಯವನ್ನು ಹೇಳಲಿಲ್ಲ. 1995ರಲ್ಲಿ ಪತ್ರಿಕೆಯೊಂದು ಬರೆಯುವವರೆಗೆ ಅದು ಗುಟ್ಟಾಗಿಯೇ ಉಳಿಯಿತು. ಓರೆಗಾಳಿಯ ಅಪಾಯ ಆಗ ಅಂದಾಜು ಮಾಡಿದಷ್ಟು ಇರಲಿಲ್ಲವೆಂದು ಇತ್ತೀಚಿನ ವರ್ಷಗಳಲ್ಲಿ ಹೊಸ ಲೆಕ್ಕ ಹಾಕಿದ ಸಂಶೋಧಕರು ಹೇಳಿದ್ದಾರೆ. ಅದೇನೇ ಇರಲಿ, ಅಪಾಯವಿದೆಯೆಂದು ನಂಬಿದವರು ಅದನ್ನು ಯಾರಿಗೆಲ್ಲ ಹೇಳಬೇಕಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ತಪ್ಪನ್ನು ಒಪ್ಪಿಕೊಂಡು ಸರಿಪಡಿಸಿದ್ದು ದೊಡ್ಡ ಗುಣ. ತಲೆಯ ಮೇಲೆ ತೂಗುತ್ತಿರುವ ಅಪಾಯವನ್ನು ಅದರ ಕೆಳಗೆ ಕುಳಿತವರಿಗೆ ತಿಳಿಸುವುದೂ ಹೊಣೆಯ ಒಂದು ಭಾಗವೇ. ಮಕ್ಕಳು, ಹಿರಿಯರು ಒಟ್ಟಿಗೆ ಕುಳಿತು ಚರ್ಚಿಸಬೇಕಾದ ವಿಷಯವಿದು.

ಅಂಕಪಟ್ಟಿಯಲ್ಲಿ ಕಾಣದ ವಿಷಯ

ಪಿಯುಸಿ ಫಲಿತಾಂಶ, ಸಿಇಟಿ ರ್‍ಯಾಂಕು ಬರುವ ಹೊತ್ತಿಗೆ ಮನೆಮನೆಗಳಲ್ಲಿ ಎಂಜಿನಿಯರಿಂಗ್ ಸೀಟಿನದೇ ಮಾತು. ಯಾವ ಕಾಲೇಜು, ಯಾವ ವಿಭಾಗ, ಎಷ್ಟು ಸಂಬಳ ಎಂಬುದು ತಂದೆತಾಯಿಯರ ಚಿಂತೆ. ಅದು ಸಹಜವೇ. ಆದರೆ ಕಾನ್ಸಾಸ್ ಸಿಟಿಯಲ್ಲಿ ಕೊರತೆ ಬಿದ್ದದ್ದು ಬುದ್ಧಿಯಲ್ಲ. ಬೇಕಾಗಿದ್ದ ವಿಜ್ಞಾನವೆಲ್ಲ ಪ್ರೌಢಶಾಲೆಯ ಪುಸ್ತಕದಲ್ಲೇ ಇತ್ತು. ಕೊರತೆಯಾದದ್ದು, ‘ಇದನ್ನು ಯಾರು ನೋಡಿದ್ದಾರೆ?’ ಎಂದು ಕೇಳುವ ಅಭ್ಯಾಸ.

ಈ ಅಭ್ಯಾಸ ಕಾಲೇಜಿನಲ್ಲಿ ಹುಟ್ಟುವುದಿಲ್ಲ. ಪ್ರಯೋಗ ಮಾಡದೆ ಗೆಳೆಯನ ರೆಕಾರ್ಡ್ ಪುಸ್ತಕದಿಂದ ಅಳತೆಗಳನ್ನು ನಕಲು ಮಾಡಿ ಶಿಕ್ಷಕರ ಸಹಿ ಪಡೆಯುವ ವಿದ್ಯಾರ್ಥಿ, ಅದನ್ನು ಓದದೆ ಸಹಿ ಹಾಕುವ ಶಿಕ್ಷಕ, ಪ್ರಗತಿ ಪತ್ರವನ್ನು ತೆರೆದೂ ನೋಡದೆ ರುಜು ಮಾಡುವ ತಂದೆ, ಇವರೆಲ್ಲ ಅರಿವಿಲ್ಲದೆ ಒಂದೇ ಪಾಠ ಕಲಿಸುತ್ತಿದ್ದಾರೆ: ಸಹಿ ಎಂದರೆ ಬರಿಯ ಶಾಯಿ. ಇದೇ ಪಾಠ ಕಲಿತ ಹುಡುಗ ಮುಂದೆ 42 ನಕ್ಷೆಗಳ ಕಟ್ಟಿನ ಮುಂದೆ ಕುಳಿತಾಗ ಬೇರೆ ರೀತಿ ನಡೆದುಕೊಳ್ಳುತ್ತಾನೆಂದು ನಿರೀಕ್ಷಿಸುವುದು ಕಷ್ಟ.

ಜ್ಯಾಕ್ ಗಿಲಮ್ ಮುಂದಿನ ವರ್ಷಗಳಲ್ಲಿ ಒಂದು ಕೆಲಸ ಮಾಡಿದರು. ಎಂಜಿನಿಯರುಗಳ ಸಭೆಗಳಿಗೆ ಹೋಗಿ, ಕುಸಿತದ ಹೊಣೆಯನ್ನು ತಮ್ಮ ಮೇಲೆ ಹೊತ್ತುಕೊಂಡು, ಎಲ್ಲಿ ತಪ್ಪಾಯಿತೆಂದು ವಿವರಿಸಿದರು. ಇನ್ನೊಬ್ಬರು ಅದನ್ನೇ ಮಾಡದಿರಲಿ ಎಂಬುದು ಅವರ ಉದ್ದೇಶ. ಹೋದ ಜೀವಗಳು ಅದರಿಂದ ಮರಳಲಿಲ್ಲ. ಆದರೆ ಇಂದು ಜಗತ್ತಿನ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆ ನಟ್ಟಿನ ಚಿತ್ರ ಒಂದು ಪಾಠವಾಗಿದೆ.

ಆ ಹೋಟೆಲು ಈಗ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ತೂಗುವ ಸೇತುವೆಗಳು ಅಲ್ಲಿಲ್ಲ. ಎರಡನೆಯ ಮಹಡಿಯ ಮಟ್ಟದಲ್ಲಿ, ನೆಲದಿಂದ ಎದ್ದ ಕಂಬಗಳ ಮೇಲೆ, ಒಂದು ಮೊಗಸಾಲೆಯನ್ನು ಕಟ್ಟಿದ್ದಾರೆ. ಹತ್ತಿರದಲ್ಲೇ 2015ರಲ್ಲಿ ಎತ್ತಿದ ಸ್ಮಾರಕದಲ್ಲಿ 114 ಹೆಸರುಗಳನ್ನು ಕೆತ್ತಲಾಗಿದೆ. ಎಂಜಿನಿಯರಾಗಲು ಹೊರಟ ಹುಡುಗ ಹುಡುಗಿಯರು ಮೊದಲ ನಕ್ಷೆಗೆ ಸಹಿ ಹಾಕುವ ದಿನ ಈ ಸಂಖ್ಯೆಯನ್ನು ನೆನಪಿಸಿಕೊಂಡು, ‘ಈ ನಟ್ಟಿನ ಮೇಲೆ ಎಷ್ಟು ಭಾರ?’ ಎಂದು ಒಂದು ಸಲ ಕೇಳಿಕೊಂಡರೆ ಸಾಕು.